ಒಂದೂವರೆ ಮನುಷ್ಯರ ಲೆಕ್ಕ

ಶ್ರೀಲಂಕಾದ ಬೌದ್ಧರು ತಮ್ಮ ನಾಡಿನ ಚರಿತ್ರೆಯೆಂದೇ ಓದುವ ಪಾಲಿ ಕಾವ್ಯ ‘ಮಹಾವಂಸ’. ಅದರ ಇಪ್ಪತ್ತೈದನೆಯ ಅಧ್ಯಾಯದ ಕೊನೆಯಲ್ಲಿ ಗೆದ್ದೂ ಹಿಗ್ಗಲಾರದ ರಾಜನೊಬ್ಬ ಬರುತ್ತಾನೆ. ಹೆಸರು ದುಟ್ಠಗಾಮಣಿ, ಸಿಂಹಳರ ಬಾಯಲ್ಲಿ ದುಟುಗೆಮುನು. ಅನುರಾಧಪುರವನ್ನು ಆಳುತ್ತಿದ್ದ ತಮಿಳು ದೊರೆ ಏಳಾರನನ್ನು ಕೊಂದು ಇಡೀ ದ್ವೀಪವನ್ನು ಒಂದೇ ಕೊಡೆಯಡಿಗೆ ತಂದಿದ್ದಾನೆ. ಅರಮನೆಯ ಉಪ್ಪರಿಗೆ, ಪರಿಮಳದ ಎಣ್ಣೆಯ ದೀಪ, ಸುತ್ತ ನರ್ತಕಿಯರು, ಮೆತ್ತನೆಯ ಹಾಸು ಎಲ್ಲವೂ ಇದೆ. ರಣದಲ್ಲಿ ಬಿದ್ದವರು ಮಾತ್ರ ಕಣ್ಣಮುಂದಿನಿಂದ ಸರಿಯುತ್ತಿಲ್ಲ. ಆಗ ಪಿಯಂಗುದೀಪದಿಂದ ಎಂಟು ಮಂದಿ ಅರಹಂತರು, ಅಂದರೆ ನಿರ್ವಾಣ ಪಡೆದ ಭಿಕ್ಷುಗಳು, ಆಕಾಶಮಾರ್ಗವಾಗಿ ಬಂದಿಳಿಯುತ್ತಾರೆ. ಅಕ್ಷೋಹಿಣಿಗಟ್ಟಲೆ ಜನರನ್ನು ಕೊಲ್ಲಿಸಿದ ನನಗೆ ಎಲ್ಲಿಯ ನೆಮ್ಮದಿ ಎಂದು ರಾಜ ಕೇಳುತ್ತಾನೆ. ಅವರು ಕೊಡುವ ಉತ್ತರ ಒಂದು ಲೆಕ್ಕ. ನಿನ್ನ ಕೈಯಲ್ಲಿ ಸತ್ತದ್ದು ಒಂದೂವರೆ ಮನುಷ್ಯರು ಮಾತ್ರ. ಒಬ್ಬ ಪಂಚಶೀಲ ಹಿಡಿದವನು, ಇನ್ನೊಬ್ಬ ಬರೀ ತ್ರಿಶರಣಕ್ಕೆ ಬಂದವನು. ಉಳಿದವರು ಮಿಥ್ಯಾದೃಷ್ಟಿಯವರು, ಪಶುಗಳಿಗಿಂತ ಹೆಚ್ಚಿನ ಬೆಲೆ ಇಲ್ಲದವರು. ರಾಜನಿಗೆ ಸಮಾಧಾನವಾಗುತ್ತದೆ.

ಈ ಪ್ರಸಂಗವನ್ನು ಓದಿದವರು ಸಾಮಾನ್ಯವಾಗಿ ಇಲ್ಲಿ ಕರುಣೆಯೇ ಇಲ್ಲ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅರಹಂತರು ಅಷ್ಟು ದೂರದಿಂದ ಬಂದದ್ದೇ ಕರುಣೆಯಿಂದ. ಒಬ್ಬ ಮನುಷ್ಯ ಪಶ್ಚಾತ್ತಾಪದಲ್ಲಿ ಬೇಯುತ್ತಿದ್ದಾನೆ, ಅವನ ಸಂಕಟ ಇಳಿಸಬೇಕು, ಅಷ್ಟೇ ಅವರ ಉದ್ದೇಶ. ಸಂಕಟ ಇಳಿಸಲು ಅವರು ಹಿಡಿದ ಉಪಾಯ, ಸತ್ತವರನ್ನು ಲೆಕ್ಕದಿಂದ ತೆಗೆದುಹಾಕುವುದು. ಒಡೆದುಹೋದ ಸಮಾಜಗಳ ರೋಗ ಇಲ್ಲಿ ಕಾಣುತ್ತದೆ. ಅಂಥ ಕಡೆ ಕರುಣೆಗೆ ಬರವಿರುವುದಿಲ್ಲ, ಬದಲಿಗೆ ಹೊಳೆಯಂತೆ ಹರಿಯುತ್ತಿರುತ್ತದೆ. ಆದರೆ ಒಂದು ದಂಡೆಯ ಗದ್ದೆಗೆ ಮಾತ್ರ. ‘ನಮ್ಮವರ’ ನೋವಿಗೆ ಮರುಗುವ ಮನಸ್ಸೇ ‘ಅವರ’ ನೋವನ್ನು ಅಳಿಸುವ ಕೆಲಸಕ್ಕೂ ಕೂರುತ್ತದೆ. ಹೀಗಾಗಿ ಬೌದ್ಧ ಚಿಂತನೆ ಇಂಥ ಸಮಾಜಕ್ಕೆ ಏನಾದರೂ ಕೊಡಬಲ್ಲದಾದರೆ ಅದು ಇನ್ನಷ್ಟು ಕರುಣೆಯಲ್ಲ, ಕರುಣೆಗೆ ಹಾಕಿಕೊಂಡ ಬೇಲಿಯನ್ನು ಕೀಳುವ ಕ್ರಮ. ಆ ಕ್ರಮ ಆ ಪರಂಪರೆಯ ಒಳಗೇ ಇದೆ. ಅದನ್ನು ಬಳಸದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಶ್ರೀಲಂಕಾಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇರೆ ಸಿಗುವುದು ಕಷ್ಟ.

ಕನ್ನಡದಲ್ಲಿ ನಾವು ಮರುಕವನ್ನು ಕರುಳಿನಲ್ಲಿ ಇಟ್ಟಿದ್ದೇವೆ. ಕರುಳು ಚುರುಕ್ ಎನ್ನುತ್ತದೆ, ಹೆತ್ತ ಕರುಳು ಮಿಡಿಯುತ್ತದೆ, ಮಕ್ಕಳು ಕರುಳ ಬಳ್ಳಿ. ಮಾತು ಸುಂದರವಾಗಿದೆ, ಆದರೆ ಅದರೊಳಗೆ ಒಂದು ಎಲ್ಲೆಯೂ ಇದೆ: ಕರುಳು ಮಿಡಿಯುವುದು ಬಳ್ಳಿ ಹಬ್ಬಿದಷ್ಟು ದೂರ. 1983ರ ಜುಲೈ 23ರಂದು ಜಾಫ್ನಾ ಬಳಿಯ ತಿರುನೆಲ್ವೇಲಿಯಲ್ಲಿ ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇ ಹೊಂಚುಹಾಕಿ 13 ಸೈನಿಕರನ್ನು ಕೊಂದಿತು. ಮರುದಿನ ಸಂಜೆ ಅವರ ಶವಸಂಸ್ಕಾರಕ್ಕೆಂದು ಕೊಲಂಬೊದ ಕನತ್ತೆ ಸ್ಮಶಾನದಲ್ಲಿ ಸಾವಿರಾರು ಜನ ಕಾದರು. ಶವಗಳು ಬರುವುದು ತಡವಾಯಿತು. ಕಾದವರ ಸಂಕಟ ಸುಳ್ಳಾಗಿರಲಿಲ್ಲ; ಸತ್ತವರು ಎಳೆಯ ಹುಡುಗರು. ಅದೇ ಜನಜಂಗುಳಿಯಿಂದ ಬೊರೆಲ್ಲದ ಬೀದಿಗಳಿಗೆ ಬೆಂಕಿ ಹೊರಟಿತು. ಮುಂದಿನ ದಿನಗಳಲ್ಲಿ ಗಲಭೆಕೋರರು ಮತದಾರರ ಪಟ್ಟಿ ಕೈಯಲ್ಲಿ ಹಿಡಿದು ತಮಿಳರ ಮನೆ, ಅಂಗಡಿಗಳನ್ನು ಹುಡುಕಿದರು. ಸತ್ತವರು ನಾನೂರರೊಳಗೆ ಎಂದು ಸರ್ಕಾರ, ಮೂರು ಸಾವಿರದವರೆಗೆ ಎಂದು ಇತರರು. ಶೋಕಸಭೆ ಕೊಲೆಗಡುಕರ ಗುಂಪಾಗಲು ಒಂದು ರಾತ್ರಿ ಸಾಕಾಯಿತು, ಮತ್ತು ಆ ರಾತ್ರಿಯ ಮೊದಲ ಭಾವ ದ್ವೇಷವಾಗಿರಲಿಲ್ಲ, ದುಃಖವಾಗಿತ್ತು.

ಆ ಒಂದು ರಾತ್ರಿಗೆ ಮೂವತ್ತೈದು ವರ್ಷಗಳ ತಯಾರಿಯೂ ಇತ್ತು. 1948ರ ಪೌರತ್ವ ಕಾಯ್ದೆ ಚಹಾ ತೋಟಗಳ ತಮಿಳು ಕೂಲಿಗಳಲ್ಲಿ ಬಹುತೇಕರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1956ರಲ್ಲಿ ಸಿಂಹಳವೊಂದೇ ಆಡಳಿತ ಭಾಷೆಯಾಯಿತು. ತಮಿಳು ನಾಯಕ ಚೆಲ್ವನಾಯಕಂ ಜೊತೆ ಪ್ರಧಾನಿ ಬಂಡಾರನಾಯಕೆ ಮಾಡಿಕೊಂಡ ಒಪ್ಪಂದ, ಭಿಕ್ಷುಗಳು ಅವರ ಮನೆಯೆದುರು ಕುಳಿತು ಪ್ರತಿಭಟಿಸಿದ ಮೇಲೆ 1958ರಲ್ಲಿ ಮುರಿದುಬಿತ್ತು. ಮರುವರ್ಷ ಪ್ರಧಾನಿಯನ್ನು ಗುಂಡಿಟ್ಟು ಕೊಂದವನೂ ಒಬ್ಬ ಭಿಕ್ಷುವೇ. 1972ರ ಸಂವಿಧಾನ ಬೌದ್ಧಧರ್ಮಕ್ಕೆ ಅಗ್ರಸ್ಥಾನ ಕೊಟ್ಟಿತು. 1981ರಲ್ಲಿ ಜಾಫ್ನಾ ಗ್ರಂಥಾಲಯ ಸುಟ್ಟು ಬೂದಿಯಾಯಿತು. ಆಚೆ ದಂಡೆಯಲ್ಲೂ ಇದೇ ಲೆಕ್ಕ ನಡೆಯುತ್ತಿತ್ತು. 1985ರಲ್ಲಿ ಅನುರಾಧಪುರದ ಪವಿತ್ರ ಬೋಧಿವೃಕ್ಷದ ಆಸುಪಾಸಿನಲ್ಲಿ ಎಲ್‌ಟಿಟಿಇ ನೂರಕ್ಕೂ ಹೆಚ್ಚು ಜನರನ್ನು ಕೊಂದಿತು. 1987ರಲ್ಲಿ ಅರಂತಲಾವದಲ್ಲಿ ಬಸ್ಸು ತಡೆದು ಮೂವತ್ತಕ್ಕೂ ಹೆಚ್ಚು ಭಿಕ್ಷುಗಳನ್ನು ಕಡಿಯಿತು, ಅವರಲ್ಲಿ ಹೆಚ್ಚಿನವರು ಇನ್ನೂ ಪೂರ್ಣ ದೀಕ್ಷೆಯಾಗದ ಸಾಮಣೇರ ಹುಡುಗರು. 1990ರಲ್ಲಿ ಉತ್ತರದ ಮುಸ್ಲಿಮರನ್ನೆಲ್ಲ, ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನು, ಉಟ್ಟ ಬಟ್ಟೆಯಲ್ಲಿ ಊರು ಬಿಡಿಸಿತು. ಆ ಮುಸ್ಲಿಮರ ಭಾಷೆಯೂ ತಮಿಳೇ. ಭಾಷೆಯ ಹೆಸರಿನಲ್ಲಿ ಹಬ್ಬಿದ ಬಳ್ಳಿಯೂ ಎಲ್ಲೋ ಒಂದು ಕಡೆ ಕತ್ತರಿಸಿಹೋಗುತ್ತದೆ.

ಈಗ ಅದೇ ಅನುರಾಧಪುರದ ಇನ್ನೊಂದು ಪುಸ್ತಕಕ್ಕೆ ಬರೋಣ. ‘ಮಹಾವಂಸ’ ರಚನೆಯಾದದ್ದು ಸುಮಾರು ಐದು, ಆರನೆಯ ಶತಮಾನದಲ್ಲಿ, ಅಲ್ಲಿನ ಮಹಾವಿಹಾರದ ಭಿಕ್ಷು ಪರಂಪರೆಯಲ್ಲಿ. ಅದೇ ಮಹಾವಿಹಾರದಲ್ಲಿ, ಐದನೆಯ ಶತಮಾನದಲ್ಲಿ, ಬುದ್ಧಘೋಷ ‘ವಿಸುದ್ಧಿಮಗ್ಗ’ ಬರೆದ. ಥೇರವಾದಿ ಬೌದ್ಧರಿಗೆ ಇಂದಿಗೂ ಧ್ಯಾನದ ಕೈಪಿಡಿ ಅದು. ಮೆತ್ತಾ (ಮೈತ್ರಿ), ಕರುಣಾ, ಮುದಿತಾ, ಉಪೇಕ್ಖಾ ಎಂಬ ನಾಲ್ಕು ಬ್ರಹ್ಮವಿಹಾರಗಳನ್ನು ವಿವರಿಸುತ್ತ ಬುದ್ಧಘೋಷ ‘ಸೀಮಾಸಂಭೇದ’ ಎಂಬ ಮಾತು ತರುತ್ತಾನೆ: ಸೀಮೆಯನ್ನು ಒಡೆಯುವುದು. ಅದಕ್ಕೆ ಅವನು ಕೊಡುವ ಪರೀಕ್ಷೆ ಹೀಗಿದೆ. ಒಬ್ಬ ಸಾಧಕ ಒಂದು ಕಡೆ ಕುಳಿತಿದ್ದಾನೆ. ಜೊತೆಗೆ ಅವನಿಗೆ ಪ್ರಿಯನಾದವನೊಬ್ಬ, ಪ್ರಿಯನೂ ಹಗೆಯೂ ಅಲ್ಲದವನೊಬ್ಬ, ಹಗೆಯೊಬ್ಬ. ಸಾಧಕನೂ ಸೇರಿ ನಾಲ್ವರು. ಕಳ್ಳರು ಬಂದು, ಬಲಿ ಕೊಡಲು ಕೊರಳ ರಕ್ತ ಬೇಕು, ನಿಮ್ಮಲ್ಲಿ ಒಬ್ಬ ಭಿಕ್ಷುವನ್ನು ಕೊಡು ಎನ್ನುತ್ತಾರೆ. ಇವನನ್ನು ಒಯ್ಯಿರಿ, ಅವನನ್ನು ಒಯ್ಯಿರಿ ಎಂದು ಸಾಧಕನ ಮನಸ್ಸಿಗೆ ಬಂದರೆ ಸೀಮೆ ಒಡೆದಿಲ್ಲ. ಇದು ನಮಗೆ ಅರ್ಥವಾಗುವ ಮಾತು. ಆದರೆ ಈ ಮೂವರನ್ನು ಬಿಡಿ, ನನ್ನನ್ನು ಒಯ್ಯಿರಿ ಎಂದುಕೊಂಡರೂ ಸೀಮೆ ಒಡೆದಿಲ್ಲ ಎನ್ನುತ್ತಾನೆ ಬುದ್ಧಘೋಷ. ನಾಲ್ವರಲ್ಲಿ ಕೊಡಬಹುದಾದವನು ಒಬ್ಬನೂ ಇಲ್ಲ ಎಂದು ಕಂಡಾಗ ಮಾತ್ರ ಅದು ಒಡೆದಂತೆ.

ತ್ಯಾಗವನ್ನು ಹೊಗಳಿ ಅಭ್ಯಾಸವಾದ ನಮಗೆ ಈ ಎರಡನೆಯ ನಿರಾಕರಣೆ ವಿಚಿತ್ರವೆನಿಸುತ್ತದೆ. ಆದರೆ ಒಂದೂವರೆ ಮನುಷ್ಯರ ಪಕ್ಕದಲ್ಲಿ ಇಟ್ಟು ನೋಡಿದರೆ ಅದರ ಮಹತ್ವ ತಿಳಿಯುತ್ತದೆ. ಅರಹಂತರ ಮಾತಿನಲ್ಲಿ ಮನುಷ್ಯರಿಗೆ ದರ್ಜೆಗಳಿವೆ: ಪೂರ್ತಿ, ಅರ್ಧ, ಸೊನ್ನೆ. ಬುದ್ಧಘೋಷನ ಪರೀಕ್ಷೆಯಲ್ಲಿ ದರ್ಜೆ ಹಾಕುವ ಕೈಯೇ ಪ್ರಶ್ನೆಗೆ ಒಳಗಾಗುತ್ತದೆ, ಆ ಕೈ ತನ್ನನ್ನೇ ಕೆಳಗಿಟ್ಟುಕೊಂಡರೂ ಸರಿಯೆ. ಎರಡೂ ಒಂದೇ ವಿಹಾರದಿಂದ, ಹೆಚ್ಚೂಕಡಿಮೆ ಒಂದೇ ಕಾಲದಲ್ಲಿ ಬಂದವು. ಹಾಗಾಗಿ ನಿಜವಾದ ಬೌದ್ಧರು ಹಾಗೆ ಮಾಡುವುದಿಲ್ಲ, ಅದು ಬರೀ ರಾಜಕೀಯ ಎಂಬ ಸುಲಭದ ಸಮಜಾಯಿಷಿ ನಡೆಯದು. 2017ರ ಅಕ್ಟೋಬರಿನಲ್ಲಿ, ಏಳು ಲಕ್ಷಕ್ಕೂ ಹೆಚ್ಚು ರೊಹಿಂಗ್ಯಾ ಮುಸ್ಲಿಮರು ಬಾಂಗ್ಲಾದೇಶಕ್ಕೆ ಓಡಿಹೋಗುತ್ತಿದ್ದ ಹೊತ್ತಿನಲ್ಲಿ, ಮ್ಯಾನ್ಮಾರಿನ ಬಹಳ ಪ್ರಭಾವಿ ಭಿಕ್ಷು ಸಿತಗು ಸಯಾಡೋ ಸೈನಿಕರ ಮುಂದೆ ಪ್ರವಚನಕ್ಕೆ ಆರಿಸಿಕೊಂಡದ್ದು ಇದೇ ದುಟ್ಠಗಾಮಣಿಯ ಕಥೆ. ಹದಿನೈದು ಶತಮಾನ ಕಳೆದರೂ ಆ ಲೆಕ್ಕಕ್ಕೆ ಗಿರಾಕಿಗಳಿದ್ದಾರೆ. ಪರಂಪರೆಯ ಒಳಗೆ ವಿಷವೂ ಇದೆ, ಮದ್ದೂ ಇದೆ. ಎರಡನ್ನೂ ಒಂದೇ ಕಪಾಟಿನಿಂದ ತೆಗೆಯುತ್ತಾರೆ.

ಮದ್ದಿನ ಚೀಟಿಯನ್ನು ಇನ್ನಷ್ಟು ಹತ್ತಿರದಿಂದ ಓದಬೇಕು. ಪ್ರತಿಯೊಂದು ಬ್ರಹ್ಮವಿಹಾರಕ್ಕೂ ಇಬ್ಬರು ಹಗೆಗಳು ಎನ್ನುತ್ತದೆ ವಿಸುದ್ಧಿಮಗ್ಗ. ಒಬ್ಬ ಬೆಟ್ಟದಾಚೆಯ ಹಗೆ, ಕಂಡ ಕೂಡಲೇ ಗುರುತು ಸಿಗುತ್ತದೆ. ಇನ್ನೊಬ್ಬ ಪಕ್ಕದಲ್ಲೇ ಓಡಾಡುವ ಹಗೆ, ನೋಡಲು ನೆಂಟನಂತಿರುತ್ತಾನೆ. ಕರುಣೆಗೆ ದೂರದ ಹಗೆ ಕ್ರೌರ್ಯ, ಇದರಲ್ಲಿ ಆಶ್ಚರ್ಯವಿಲ್ಲ. ಹತ್ತಿರದ ಹಗೆ ‘ಗೇಹಸಿತ’ ದುಃಖ, ಅಂದರೆ ಮನೆಗೆ ಅಂಟಿಕೊಂಡ ದುಃಖ. ನನ್ನದು ಹೋಯಿತು, ನನ್ನವರು ಹೋದರು ಎಂಬ ಸಂಕಟ ಕರುಣೆಯ ವೇಷದಲ್ಲಿ ಬಂದು ಕರುಣೆಯ ಜಾಗದಲ್ಲಿ ಕೂತುಬಿಡುತ್ತದೆ. ಕನತ್ತೆ ಸ್ಮಶಾನದಲ್ಲಿ ನಡೆದದ್ದಕ್ಕೆ ಇದಕ್ಕಿಂತ ನಿಖರವಾದ ಹೆಸರು ನನಗೆ ಗೊತ್ತಿಲ್ಲ. ನಾಲ್ಕನೆಯದಾದ ಉಪೇಕ್ಖಾದ ಹತ್ತಿರದ ಹಗೆ ಅಜ್ಞಾನದಿಂದ ಬಂದ ಉದಾಸೀನ. ಇಲ್ಲಿ ಕನ್ನಡವೇ ನಮ್ಮನ್ನು ಸಿಕ್ಕಿಸಿಹಾಕುತ್ತದೆ. ನಮ್ಮ ‘ಉಪೇಕ್ಷೆ’ಗೆ ಅಲಕ್ಷ್ಯ ಎಂದೇ ಅರ್ಥ. ಬೌದ್ಧರು ಯಾವುದನ್ನು ಆ ಗುಣದ ನಕಲಿ ಎಂದು ಎಚ್ಚರಿಸಿದರೋ ಅದೇ ನಮ್ಮ ನಿಘಂಟಿನಲ್ಲಿ ಅಸಲಿಯಾಗಿ ಕೂತಿದೆ. ಮೂಲದಲ್ಲಿ ಅದು ಸಮಚಿತ್ತದಿಂದ ನೋಡುವುದು, ಯಾರನ್ನೂ ನೋಡದಿರುವುದಲ್ಲ.

ಇಲ್ಲಿಂದಲೇ ಒಂದು ಗಟ್ಟಿಯಾದ ಆಕ್ಷೇಪ ಏಳುತ್ತದೆ. ಸಮಚಿತ್ತ ಎಂದರೆ ಹೊಡೆದವನನ್ನೂ ಹೊಡೆಸಿಕೊಂಡವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಲ್ಲವೆ? ಎರಡೂ ಕಡೆ ತಪ್ಪಿದೆ ಎಂಬ ಮಾತು ಯಾವಾಗಲೂ ಬಲಶಾಲಿಯ ಪರವಾಗಿಯೇ ಕೆಲಸ ಮಾಡುತ್ತದಲ್ಲವೆ? ಮಾಡುತ್ತದೆ, ಸಂಶಯವಿಲ್ಲ. ಆದರೆ ಬುದ್ಧಘೋಷ ಸಮ ಎನ್ನುವುದು ಜೀವಗಳ ಬೆಲೆಯನ್ನು, ಅವುಗಳ ಕೃತ್ಯವನ್ನಲ್ಲ. ಅಪರಾಧಿಯ ಬಗ್ಗೆ ಕರುಣೆ ಹೇಗಿರಬೇಕು ಎಂದು ಹೇಳುವಾಗ ಅವನು ಕೊಡುವ ಚಿತ್ರ ನೋಡಿ. ಕಳ್ಳನೊಬ್ಬನನ್ನು ರಾಜಭಟರು ವಧಾಸ್ಥಾನಕ್ಕೆ ಎಳೆದೊಯ್ಯುತ್ತಿದ್ದಾರೆ. ದಾರಿಯ ಜನ ಅವನಿಗೆ ತಿನ್ನಲು ಕೊಡುತ್ತಾರೆ, ಹೂಮಾಲೆ, ಗಂಧ, ವೀಳ್ಯದೆಲೆ ಕೊಡುತ್ತಾರೆ. ಅವನು ಮೆಲ್ಲುತ್ತ, ಭೋಗಿಯಂತೆ ನಡೆಯುತ್ತಾನೆ. ಅವನು ಸುಖಿ ಎಂದು ಯಾರಿಗೂ ಅನ್ನಿಸುವುದಿಲ್ಲ. ಅಯ್ಯೋ ಪಾಪ, ಇಡುವ ಒಂದೊಂದು ಹೆಜ್ಜೆಗೂ ಸಾವು ಹತ್ತಿರವಾಗುತ್ತಿದೆ ಎಂದು ಮರುಗುತ್ತಾರೆ. ಈಗ ಸುಖವಾಗಿರುವ ಪಾಪಿಯನ್ನೂ ಹೀಗೇ ನೋಡಬೇಕು ಎನ್ನುವುದು ಉಪದೇಶ. ಮರಣದಂಡನೆಯನ್ನು ನಾವಿಂದು ಒಪ್ಪಬೇಕಿಲ್ಲ, ಆ ಪ್ರಶ್ನೆ ಬೇರೆ. ಗಮನಿಸಬೇಕಾದದ್ದು ಇಷ್ಟು: ಮರುಗಿದವರು ಯಾರೂ ಕಳ್ಳನ ಕಟ್ಟು ಬಿಚ್ಚುವುದಿಲ್ಲ, ಅವನು ಕದ್ದಿಲ್ಲ ಎಂದೂ ಹೇಳುವುದಿಲ್ಲ. ವಿಚಾರಣೆ ಮತ್ತು ವೀಳ್ಯದೆಲೆ ಒಂದೇ ಬೀದಿಯಲ್ಲಿ ಸಾಗುತ್ತವೆ. ಕರುಣೆಯ ಹೆಸರಿನಲ್ಲಿ ವಿಚಾರಣೆಯನ್ನೇ ಬಿಟ್ಟುಬಿಡೋಣ ಎನ್ನುವವರಿಗೆ ಈ ಪುಸ್ತಕದಲ್ಲಿ ಆಧಾರವಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ವ್ಯಾವಹಾರಿಕವಾದದ್ದು. ಒಬ್ಬ ಭಿಕ್ಷು ಕಣ್ಣು ಮುಚ್ಚಿ ಕುಳಿತು ತನ್ನ ಮನಸ್ಸಿನ ಬೇಲಿ ಕಿತ್ತರೆ ಊರಿನ ಬೇಲಿ ಬಿದ್ದೀತೆ? ಈ ಪ್ರಶ್ನೆಗೆ ಶ್ರೀಲಂಕಾದಲ್ಲಿ ಕೈಕೆಸರು ಮಾಡಿಕೊಂಡು ಉತ್ತರ ಹುಡುಕಿದವರು ಎ.ಟಿ. ಅರಿಯರತ್ನೆ. 1958ರಲ್ಲಿ ಕೊಲಂಬೊದ ನಾಲಂದ ಕಾಲೇಜಿನ ಮೇಷ್ಟರಾಗಿದ್ದ ಅವರು ತಮ್ಮ ವಿದ್ಯಾರ್ಥಿಗಳನ್ನು ಕನತೊಲುವ ಎಂಬ ಹಳ್ಳಿಗೆ ಕರೆದೊಯ್ದರು. ಅದು ರೊಡಿಯಾ ಜನರ ಹಳ್ಳಿ. ಸಿಂಹಳ ಬೌದ್ಧ ಸಮಾಜ ಹತ್ತಿರ ಸೇರಿಸದೆ ಭಿಕ್ಷೆಗೆ ಹಚ್ಚಿದ್ದ ಜಾತಿ ಅದು. ಬುದ್ಧನ ನಾಡಿನಲ್ಲಿ ಜಾತಿಯೆಲ್ಲಿ ಎಂದು ಕೇಳುವವರು ಒಂದು ಸಂಗತಿ ನೆನಪಿಡಬೇಕು: ಅಲ್ಲಿನ ದೊಡ್ಡ ಭಿಕ್ಷುಸಂಘವಾದ ಸಿಯಾಮ್ ನಿಕಾಯದಲ್ಲಿ ಇಂದಿಗೂ ದೀಕ್ಷೆ ಗೊಯಿಗಮ ಜಾತಿಯವರಿಗೆ ಮಾತ್ರ. ಉಳಿದ ಜಾತಿಗಳವರು ಸುಮಾರು 1800ರ ಹೊತ್ತಿಗೆ ಬರ್ಮಾದ ಅಮರಪುರಕ್ಕೆ ಹಡಗು ಹತ್ತಿ ಹೋಗಿ ದೀಕ್ಷೆ ಪಡೆದು ಬಂದು ಅಮರಪುರ ನಿಕಾಯ ಕಟ್ಟಿಕೊಳ್ಳಬೇಕಾಯಿತು. ಅಂಥಲ್ಲಿ ಮೇಲ್ಜಾತಿಯ ಹುಡುಗರು ರೊಡಿಯಾ ಮನೆಗಳಲ್ಲಿ ಉಳಿದು, ಅವರೊಂದಿಗೆ ಮಣ್ಣು ಹೊತ್ತರು. ಭಾಷಣ ಮಾಡಲಿಲ್ಲ. ಈ ಶ್ರಮದಾನವೇ ಸರ್ವೋದಯ ಚಳವಳಿಯಾಗಿ ಬೆಳೆದು ಸಾವಿರಾರು ಹಳ್ಳಿಗಳಿಗೆ ಹರಡಿತು. ಹೆಸರು ಗಾಂಧಿಯದು, ನಂಟು ವಿನೋಬಾ ಅವರದು, ಆದರೆ ಒಳಗಿನ ಚೌಕಟ್ಟು ನಾಲ್ಕು ಬ್ರಹ್ಮವಿಹಾರಗಳದು. ಮೆತ್ತಾ ಎಂದರೆ ಜೀವಗಳಿಗೆ ಗೌರವ, ಕರುಣಾ ಎಂದರೆ ಆ ಗೌರವ ಕೆಲಸವಾಗಿ ಇಳಿಯುವುದು, ಮುದಿತಾ ಆ ಕೆಲಸದಿಂದ ಬರುವ ಸಂತೋಷ, ಉಪೇಕ್ಖಾ ಹೊಗಳಿಕೆ ತೆಗಳಿಕೆಗೆ ಅಲುಗದಿರುವುದು. ರಸ್ತೆ, ಬಾವಿ, ಪಾಯಖಾನೆ ಕಟ್ಟುವಾಗ ಬುಟ್ಟಿ ಕೈಯಿಂದ ಕೈಗೆ ಸಾಗುತ್ತದೆ. ಸಾಲಿನಲ್ಲಿ ಮುಂದಿನ ಕೈ ಯಾವ ಜಾತಿಯದು ಎಂದು ನೋಡುತ್ತ ನಿಂತರೆ ಬುಟ್ಟಿ ನೆಲಕ್ಕೆ ಬೀಳುತ್ತದೆ.

ಹಾಗೆಂದು ಸರ್ವೋದಯವನ್ನು ಗೆದ್ದ ಕಥೆಯಾಗಿ ಹೇಳಿದರೆ ಸುಳ್ಳಾಗುತ್ತದೆ. 1983ರ ಗಲಭೆಯ ಮೊದಲ ದಿನಗಳಿಂದಲೇ ಅದರ ಕಾರ್ಯಕರ್ತರು ತಮಿಳು ನಿರಾಶ್ರಿತರ ಶಿಬಿರಗಳಲ್ಲಿ ದುಡಿದರು. ಆ ವರ್ಷದ ಕೊನೆಯಲ್ಲಿ ಅರಿಯರತ್ನೆ ದಕ್ಷಿಣದ ಕತರಗಾಮದಿಂದ ಉತ್ತರದ ನಾಗದೀಪದವರೆಗೆ ಶಾಂತಿ ಪಾದಯಾತ್ರೆ ಹೊರಟರು. ಎರಡು ಊರುಗಳ ಆಯ್ಕೆಯೇ ಒಂದು ಮಾತಾಗಿತ್ತು. ಕತರಗಾಮದ ಮುರುಗನಿಗೆ ಸಿಂಹಳರೂ ಹರಕೆ ಹೊರುತ್ತಾರೆ, ನಾಗದೀಪ ತಮಿಳರ ನಡುವೆ ಇರುವ ಬೌದ್ಧ ಕ್ಷೇತ್ರ. ಯಾತ್ರೆ ಅಧ್ಯಕ್ಷ ಜಯವರ್ಧನೆ ಅವರ ಕೋರಿಕೆಯ ಮೇರೆಗೆ ನಡುದಾರಿಯಲ್ಲೇ ನಿಂತಿತು. 2002ರ ಕದನವಿರಾಮದ ಹೊತ್ತಿನಲ್ಲಿ ಅನುರಾಧಪುರದಲ್ಲಿ ಲಕ್ಷಾಂತರ ಜನರನ್ನು ಸೇರಿಸಿ ಶಾಂತಿಗಾಗಿ ಧ್ಯಾನ ಮಾಡಿಸಿದರು. ನಾಲ್ಕೇ ವರ್ಷದಲ್ಲಿ ಯುದ್ಧ ಮತ್ತೆ ಹೊತ್ತಿಕೊಂಡಿತು. ಹಳ್ಳಿಯ ಬೇಲಿಗಳನ್ನು ಶ್ರಮದಾನ ಸಡಿಲಿಸಬಲ್ಲದು. ಭಾಷಾ ಕಾಯ್ದೆ, ಪೌರತ್ವ ಕಾಯ್ದೆ, ಸಂವಿಧಾನದ ಕಲಮು ಹಾಕಿದ ಬೇಲಿಗೆ ಬುಟ್ಟಿ ಮಣ್ಣು ಸಾಲದು. ಅವನ್ನು ತಿದ್ದಲು ಬೇಕಾದ ರಾಜಕೀಯ ಜಗಳಕ್ಕೆ ಸರ್ವೋದಯ ಪೂರ್ತಿಯಾಗಿ ಇಳಿಯಲಿಲ್ಲ ಎಂಬ ಟೀಕೆಯಲ್ಲಿ ಹುರುಳಿದೆ ಎಂದೇ ನನ್ನ ಎಣಿಕೆ. ಇಳಿದಿದ್ದರೆ ಹಳ್ಳಿಗಳ ಬಾಗಿಲು ಮುಚ್ಚುತ್ತಿದ್ದವು ಎಂಬ ಅವರ ಕಡೆಯವರ ವಾದವನ್ನೂ ತಳ್ಳಿಹಾಕಲಾಗದು. ಈ ಇಕ್ಕಟ್ಟಿಗೆ ಸುಲಭದ ದಾರಿ ಇರಲಿಲ್ಲ.

ಆ ಜಗಳಕ್ಕೆ ಇಳಿದ ಬೌದ್ಧ ಬೇರೆ ಕಡೆಯವರು, ನಮ್ಮವರೇ. 1950ರ ಮೇನಲ್ಲಿ ಕ್ಯಾಂಡಿಯಲ್ಲಿ ನಡೆದ ವಿಶ್ವ ಬೌದ್ಧ ಸಮ್ಮೇಳನಕ್ಕೆ ಡಾ. ಬಿ.ಆರ್. ಅಂಬೇಡ್ಕರ್ ಹೋಗಿದ್ದರು. ಆರು ತಿಂಗಳ ಹಿಂದೆಯಷ್ಟೇ, 1949ರ ನವೆಂಬರ್ 25ರಂದು, ಬಂಧುತ್ವವಿಲ್ಲದೆ ಸ್ವಾತಂತ್ರ್ಯ ಸಮಾನತೆಗಳು ಗೋಡೆಗೆ ಬಳಿದ ಬಣ್ಣದಷ್ಟೇ ಆಳ ಎಂಬ ಅರ್ಥದಲ್ಲಿ ಸಂವಿಧಾನ ಸಭೆಯನ್ನು ಎಚ್ಚರಿಸಿ ಬಂದವರು. 1954ರ ಆಕಾಶವಾಣಿ ಭಾಷಣದಲ್ಲಿ ಈ ಮೂರು ತತ್ವಗಳನ್ನು ತಾವು ತೆಗೆದುಕೊಂಡದ್ದು ಫ್ರೆಂಚ್ ಕ್ರಾಂತಿಯಿಂದಲ್ಲ, ಬುದ್ಧನಿಂದ ಎಂದರು. ಅವರಿಗೆ ಕರುಣೆಯೊಂದೇ ಸಾಕೆನಿಸಲಿಲ್ಲ. ಅದರಾಚೆಗಿನ ಮೈತ್ರಿಗೆ ಹೆಚ್ಚಿನ ಜಾಗ ಕೊಟ್ಟರು. ಕಾರಣ ಊಹಿಸುವುದು ಕಷ್ಟವಲ್ಲ. ಕೇರಿಯ ಜನ ಶತಮಾನಗಳಿಂದ ಕನಿಕರವನ್ನು ಕಂಡಿದ್ದರು: ಹಬ್ಬದ ದಿನ ಹಿತ್ತಲ ಬಾಗಿಲಲ್ಲಿ ನಿಂತು ಇಸಿದುಕೊಳ್ಳುವ ಉಳಿದ ಅನ್ನ. ಆ ಕನಿಕರ ಮೇಲಿನಿಂದ ಕೆಳಕ್ಕೆ ಬೀಳುತ್ತದೆ, ಬೀಳಲು ಮೇಲು ಕೆಳಗು ಇರಲೇಬೇಕು. ಮೈತ್ರಿಗೆ ಸಮನೆಲ ಬೇಕು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಕೈಗೊಂಡ 22 ಪ್ರತಿಜ್ಞೆಗಳಲ್ಲಿ ಎಲ್ಲ ಜೀವಿಗಳ ಬಗ್ಗೆ ದಯೆ ಇಡುವ ಮಾತು ಬರುವುದು ಮನುಷ್ಯರೆಲ್ಲ ಸಮಾನರು ಎಂಬ ಪ್ರತಿಜ್ಞೆಯ ನಂತರ. ಈ ಅನುಕ್ರಮವನ್ನು ನಾನು ಆಕಸ್ಮಿಕವೆಂದು ತಿಳಿಯಲಾರೆ.

ಇಷ್ಟಾದರೂ ನೊಂದವರು ಕೇಳುವ ಒಂದು ಪ್ರಶ್ನೆ ಉಳಿಯುತ್ತದೆ. ಕರುಣೆಯ ಪಾಠ ಯಾವಾಗಲೂ ನಮಗೇ ಏಕೆ? ಪಾಲಿ ಸುತ್ತಗಳಲ್ಲಿ ಗರಗಸದ ದೃಷ್ಟಾಂತವೊಂದಿದೆ: ಕಳ್ಳರು ಗರಗಸದಿಂದ ಕೈಕಾಲು ಕೊಯ್ಯುತ್ತಿದ್ದರೂ ಮನಸ್ಸು ಕೆಡಿಸಿಕೊಂಡವನು ನನ್ನ ಶಿಷ್ಯನಲ್ಲ ಎಂಬರ್ಥದ ಮಾತು. ಓದಿದರೆ ಮೈ ಜುಮ್ಮೆನ್ನುತ್ತದೆ. ಇದನ್ನು ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ಇಟ್ಟರೆ ಅದು ಧರ್ಮವಲ್ಲ, ದೌರ್ಜನ್ಯ. ಆ ಮಾತು ಭಿಕ್ಷುಗಳಿಗೆ ಹೇಳಿದ್ದು, ತಾವಾಗಿ ಆ ದಾರಿ ಹಿಡಿದವರಿಗೆ. ಸಾಮಾನ್ಯ ಸಾಧಕನಿಗೆ ಬುದ್ಧಘೋಷ ಹಾಕಿಕೊಟ್ಟ ಕ್ರಮ ಬೇರೆಯೇ: ಮೈತ್ರಿಯನ್ನು ತನ್ನಿಂದ ಶುರುಮಾಡು, ಆಮೇಲೆ ಗೌರವಿಸುವವರು, ಆಮೇಲೆ ಗುರುತಿಲ್ಲದವರು, ಹಗೆ ಎಲ್ಲಕ್ಕಿಂತ ಕೊನೆಗೆ. ಮೊದಲ ದಿನವೇ ಹಗೆಯನ್ನು ನೆನೆಯಬೇಡ, ಸುಸ್ತಾಗುತ್ತೀಯ ಎಂದು ಅವನು ಎಚ್ಚರಿಸುತ್ತಾನೆ. ಕಳ್ಳರಿಗೆ ನನ್ನನ್ನು ಕೊಟ್ಟುಬಿಡುತ್ತೇನೆ ಎಂಬುದನ್ನೂ ಅವನು ಒಪ್ಪಲಿಲ್ಲ ಎಂಬುದು ಇಲ್ಲಿ ಕೆಲಸಕ್ಕೆ ಬರುತ್ತದೆ. ನೊಂದವರು ತಮ್ಮ ಹಕ್ಕು, ತಮ್ಮ ಸತ್ತವರ ಹೆಸರು, ತಮ್ಮ ಪ್ರಶ್ನೆಗಳನ್ನು ಬಿಟ್ಟುಕೊಟ್ಟು ರಾಜಿಯಾಗಲಿ ಎನ್ನುವವರು ಆ ನಾಲ್ವರಲ್ಲಿ ಒಬ್ಬನನ್ನು ಕಳ್ಳರಿಗೆ ಒಪ್ಪಿಸಿದಂತೆಯೇ.

ಸತ್ತವರನ್ನು ಎಣಿಸುವ ಇನ್ನೊಂದು ಬೌದ್ಧ ರೀತಿಯೂ ಇದೆ, ಮತ್ತು ಅದು ಮಹಾವಂಸಕ್ಕಿಂತ ಏಳೆಂಟು ಶತಮಾನ ಹಳೆಯದು. ಅಶೋಕನ ಹದಿಮೂರನೆಯ ಶಿಲಾಶಾಸನ ಕಳಿಂಗದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಹಿಡಿದೊಯ್ಯಲಾಯಿತು, ಇನ್ನೂ ಎಷ್ಟೋ ಪಟ್ಟು ಜನ ಅಳಿದರು ಎನ್ನುತ್ತದೆ. ಇಲ್ಲಿ ಎಣಿಕೆಗೆ ಸಿಕ್ಕವರು ಗೆದ್ದವನ ಜನರಲ್ಲ, ಸೋತ ಕಳಿಂಗರು. ಅವರಲ್ಲಿ ಶೀಲ ಹಿಡಿದವರೆಷ್ಟು ಎಂದು ಯಾರೂ ಕೇಳಿಲ್ಲ. ಅಲ್ಲಿ ಒಂದೂವರೆ, ಇಲ್ಲಿ ಒಂದೂವರೆ ಲಕ್ಷ. ಅಶೋಕನನ್ನು ಹಾಡಿ ಹೊಗಳುವ ಮಹಾವಂಸ, ಅವನ ಮಗ ಮಹಿಂದನೇ ಲಂಕೆಗೆ ಧರ್ಮ ತಂದ ಎನ್ನುವ ಮಹಾವಂಸ, ಕಳಿಂಗ ಯುದ್ಧದ ಮಾತನ್ನೇ ಎತ್ತುವುದಿಲ್ಲ. ಆದರೆ ಅಶೋಕನನ್ನೂ ಪೀಠದ ಮೇಲೆ ಕೂರಿಸುವ ಹಾಗಿಲ್ಲ. ಅದೇ ಶಾಸನದಲ್ಲಿ ಕಾಡಿನ ಜನರಿಗೆ ದಂಡಿಸುವ ಶಕ್ತಿ ನನಗಿದೆ ಎಂಬ ಎಚ್ಚರಿಕೆಯಿದೆ. ಕಳಿಂಗದ ಧೌಲಿ, ಜೌಗಡಗಳಲ್ಲಂತೂ ಈ ಪಶ್ಚಾತ್ತಾಪದ ಶಾಸನವನ್ನು ಕೆತ್ತಿಸಲೇ ಇಲ್ಲ; ಅದರ ಬದಲು ಬೇರೆ ಎರಡು ಶಾಸನಗಳಿವೆ. ಆ ಎರಡು ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕಿವೆ. ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿದ ಮೇಲೆ, ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಕ್ಷರಗಳು ಕಂಡವು. ಜೊತೆಗೆ ಹನ್ನೆರಡನೆಯ ಶಾಸನದ ಭಾಗವೂ ಇತ್ತು: ಪರರ ಪಂಥವನ್ನು ಹೀಗಳೆಯುವವನು ತನ್ನ ಪಂಥಕ್ಕೇ ಕೇಡು ಮಾಡುತ್ತಾನೆ, ನಾಲಗೆಗೆ ಲಗಾಮು ಬೇಕು ಎಂಬ ಅರ್ಥದ್ದು. ಭೀಮೆಯ ದಂಡೆಯಲ್ಲಿ ಅದರ ಮೇಲೆ ಬೇರೆ ಪಂಥದ ದೇವಿಯೇ ನಿಂತಿದ್ದಳು. ಅದಕ್ಕೇನೂ ಕೇಡಾಗಿರಲಿಲ್ಲ.

ಲಂಕೆಯ ಯುದ್ಧ 2009ರ ಮೇನಲ್ಲಿ ಮುಲ್ಲಿವಾಯ್ಕಾಲ್ ಎಂಬ ಕಡಲ ದಂಡೆಯ ಇಕ್ಕಟ್ಟಿನಲ್ಲಿ ಮುಗಿಯಿತು. ಸರ್ಕಾರ ಆ ದಾಳಿಯನ್ನು ಕರೆದದ್ದು ಮಾನವೀಯ ಕಾರ್ಯಾಚರಣೆ ಎಂದು, ಒಬ್ಬ ನಾಗರಿಕನೂ ಸಾಯಬಾರದೆಂಬುದೇ ತನ್ನ ನೀತಿಯಾಗಿತ್ತು ಎಂದು. ಕೊನೆಯ ತಿಂಗಳುಗಳಲ್ಲಿ ಸತ್ತ ನಾಗರಿಕರು 40,000ದವರೆಗೂ ಇರಬಹುದು ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಹೇಳಿತು, ಸರ್ಕಾರ ಒಪ್ಪಲಿಲ್ಲ. ಮುತ್ತಿಗೆಯೊಳಗೆ ಸಿಕ್ಕಿದ್ದವರು ಬದುಕುಳಿದದ್ದು ನೀರುನೀರಾದ ಅಕ್ಕಿ ಗಂಜಿ ಕುಡಿದು. ಅದರ ನೆನಪಿಗೆ ತಮಿಳರು ಪ್ರತಿವರ್ಷ ಮೇ ತಿಂಗಳಲ್ಲಿ ರಸ್ತೆಬದಿಯಲ್ಲಿ ಒಲೆ ಹೂಡಿ, ದೊಡ್ಡ ಪಾತ್ರೆಯಲ್ಲಿ ಗಂಜಿ ಬೇಯಿಸಿ, ಬಂದವರಿಗೆಲ್ಲ ಹಂಚುತ್ತಾರೆ. 2024ರ ಮೇನಲ್ಲಿ ತ್ರಿಂಕೋಮಲಿ ಜಿಲ್ಲೆಯ ಸಂಪೂರಿನಲ್ಲಿ ಗಂಜಿ ಹಂಚಿದ ಹೆಂಗಸರನ್ನು ಪೊಲೀಸರು ಬಂಧಿಸಿದರು. ಎಣಿಸಬಾರದವರನ್ನು ನೆನೆಯುವುದೂ ತಪ್ಪಾಗಿತ್ತು.

ಮಹಾವಂಸದ ಅದೇ ಇಪ್ಪತ್ತೈದನೆಯ ಅಧ್ಯಾಯದಲ್ಲಿ, ಅರಹಂತರು ಬರುವುದಕ್ಕೆ ಸ್ವಲ್ಪ ಮೊದಲು, ಇನ್ನೊಂದು ಪ್ರಸಂಗವಿದೆ. ಏಳಾರ ನ್ಯಾಯವಂತ ದೊರೆಯಾಗಿದ್ದ ಎಂದು ಆ ಕಾವ್ಯವೇ ಒಪ್ಪುತ್ತದೆ. ಕರುವಿನ ಮೇಲೆ ರಥ ಹಾಯಿಸಿದ ಸ್ವಂತ ಮಗನನ್ನು ಅದೇ ಗಾಲಿಗೆ ಕೊಟ್ಟವನು. ಅವನು ಬಿದ್ದ ಜಾಗದಲ್ಲೇ ದುಟ್ಠಗಾಮಣಿ ಸಂಸ್ಕಾರ ಮಾಡಿಸಿ, ಚೈತ್ಯ ಕಟ್ಟಿಸಿ, ಆ ಕಡೆ ಹಾಯುವಾಗ ಯಾವ ರಾಜನೂ ವಾದ್ಯ ನುಡಿಸಕೂಡದು ಎಂದು ಕಟ್ಟಳೆ ಮಾಡಿದ. ಎರಡು ಸಾವಿರ ವರ್ಷ ಅದು ನಡೆದುಕೊಂಡು ಬಂತಂತೆ. ಬ್ರಿಟಿಷರ ವಿರುದ್ಧದ 1818ರ ದಂಗೆ ಮುರಿದುಬಿದ್ದಾಗ ಅವರ ಕೈಗೆ ಸಿಗದಂತೆ ಓಡುತ್ತಿದ್ದ ಪಿಳಿಮತಲಾವೆ ಎಂಬ ಸಿಂಹಳ ಸರದಾರ, ದಣಿದು ಬೆಂಡಾಗಿದ್ದರೂ, ಅನುರಾಧಪುರದ ಬಳಿ ಪಲ್ಲಕ್ಕಿಯಿಂದ ಇಳಿದು ನಡೆದನೆಂದು ಆ ಕಾಲದ ಇಂಗ್ಲಿಷ್ ಬರಹಗಾರರು ದಾಖಲಿಸಿದ್ದಾರೆ. ಏಳಾರನ ಸಮಾಧಿ ನಿಖರವಾಗಿ ಎಲ್ಲಿದೆ ಎಂದು ಅವನಿಗೆ ತಿಳಿದಿರಲಿಲ್ಲ. ದಾಟಿಯಾಯಿತು, ಇನ್ನು ಹತ್ತಬಹುದು ಎಂದು ಜೊತೆಯವರು ಖಾತ್ರಿ ಹೇಳುವವರೆಗೂ ಅವನು ನಡೆಯುತ್ತಲೇ ಇದ್ದ.